ಬನಶಂಕರಿ ಜಾತ್ರೆ: ನಾಟಕ ಕಂಪನಿಗಳ ವರ್ಷದ ಗಂಜಿ ಇಲ್ಲಿದೆ

ಬಾಗಲಕೋಟೆ ಜಿಲ್ಲೆಯ ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಚೊಳಚಗುಡ್ಡದಲ್ಲಿ ಪ್ರತಿವರ್ಷ ಬನದ ಹುಣ್ಣಿಮೆಯಂದು ಬನಶಂಕರಿ ದೇವಿಯ ತೇರು ಎಳೆಯುತ್ತಾರೆ. ತೇರು ಮುಗಿದರೂ ಜಾತ್ರೆ ಮುಗಿಯುವುದಿಲ್ಲ, ಹೆಚ್ಚು ಕಡಿಮೆ ಒಂದು ತಿಂಗಳು ನಡೆಯುತ್ತದೆ. ಬಾಗಿಲು-ಚೌಕಟ್ಟಿನ ವ್ಯಾಪಾರದಷ್ಟೇ ಈ ಜಾತ್ರೆಗೆ ಹೆಸರು ತಂದಿರುವುದು ವೃತ್ತಿ ನಾಟಕ ಕಂಪನಿಗಳು.

ಉತ್ತರ ಕರ್ನಾಟಕದ ಹಲವು ಕಂಪನಿಗಳು ಇಲ್ಲಿ ಒಂದೇ ಕಾಲಕ್ಕೆ ಕ್ಯಾಂಪ್ ಹಾಕುತ್ತವೆ. ತಗಡಿನ ಥಿಯೇಟರ್, ಮುಂದೆ ಬಣ್ಣದ ಬೋರ್ಡು, ಮೈಕಿನಲ್ಲಿ ಕೂಗು. ಬೇರೆ ಊರಿನಲ್ಲಿ ದಿನಕ್ಕೆ ಒಂದೆರಡು ಆಟವಾದರೆ ಇಲ್ಲಿ ಮೂರು-ನಾಲ್ಕು. ತೇರಿನ ಹೊತ್ತಿಗೆ ಬೆಳಗಿನ ಜಾವದವರೆಗೂ ಪರದೆ ಬೀಳುವುದಿಲ್ಲ. ಹಳ್ಳಿಗಳಿಂದ ಬಂದವರಿಗೆ ರಾತ್ರಿ ಕಳೆಯಲು ನಾಟಕವೇ ಆಸರೆ. ಮಳೆಗಾಲದಲ್ಲಿ ಕಲೆಕ್ಷನ್ ಕುಸಿದಾಗ ಕಲಾವಿದರ ಪಗಾರ, ಸಾಮಾನು ಸಾಗಿಸುವ ಲಾರಿ ಬಾಡಿಗೆ ಹೊಂದಿಸಲು ಈ ತಿಂಗಳ ಗಳಿಕೆಯನ್ನೇ ಮಾಲೀಕರು ನೆಚ್ಚಿಕೊಂಡಿರುತ್ತಾರೆ.

ಹಾಡೇ ಈ ರಂಗಭೂಮಿಯ ಬೇರು. 1842ರಲ್ಲಿ ಹೊನ್ನಾವರ ಬಳಿಯ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಯಲ್ಲಿ ಆಡಿದ ಆಟ ಕಂಡು, ಮರುವರ್ಷ ವಿಷ್ಣುದಾಸ ಭಾವೆ ಮರಾಠಿಯಲ್ಲಿ 'ಸೀತಾ ಸ್ವಯಂವರ' ಆಡಿಸಿದರು. 1880ರಲ್ಲಿ ಪುಣೆಯಲ್ಲಿ 'ಶಾಕುಂತಲ' ಸಂಗೀತ ನಾಟಕ ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ಮರಾಠಿ ಕಂಪನಿಗಳು ಧಾರವಾಡ ಸೀಮೆಗೆ ಬಂದು ಜನರನ್ನು ಸೆಳೆದಾಗ, ಕನ್ನಡದಲ್ಲೇ ನಾಟಕ ಬೇಕೆಂದು ಗದುಗಿನಲ್ಲಿ ಮಂಡಳಿ ಕಟ್ಟಿದವರು ಶಾಂತಕವಿ. ಹೀಗೆ ಕೊಟ್ಟದ್ದು ಸುತ್ತಿ ಬಳಸಿ ಮರಳಿ ಬಂತು! ಮುಂದೆ ಏಣಗಿ ಬಾಳಪ್ಪ (1914-2017) 'ಜಗಜ್ಯೋತಿ ಬಸವೇಶ್ವರ'ದಲ್ಲಿ ವಚನ ಹಾಡಿ ಮನೆಮಾತಾದರು.

ಈಗ ಕಾಲ್ಪೆಟ್ಟಿಗೆಯ ಜಾಗಕ್ಕೆ ಕೀಬೋರ್ಡ್, ರಿದಂ ಪ್ಯಾಡ್ ಬಂದಿವೆ. ರಂಗಗೀತೆ ಕಡಿಮೆಯಾಗಿ ಹಾಸ್ಯವೇ ಮುಂದಾಗಿದೆ. ನಾಟಕದ ಹೆಸರಿನಲ್ಲೂ ದ್ವಂದ್ವಾರ್ಥ ಇಣುಕುತ್ತದೆ ಎಂಬ ಆಕ್ಷೇಪ ಹಳೆಯದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಪಕ್ಕದ ಟೆಂಟಿನಲ್ಲಿ ಸಿನಿಮಾ, ಕಿರುತೆರೆಯ ತಾರೆ ಕುಣಿಯುತ್ತಿರುವಾಗ ಬರೀ ಪೌರಾಣಿಕ ಹಿಡಿದು ಕೂತರೆ ಗಲ್ಲಾಪೆಟ್ಟಿಗೆ ತುಂಬುವುದು ಕಷ್ಟ.

ಈ ಒಂದು ತಿಂಗಳ ಬೆಲೆ ಎಷ್ಟೆಂಬುದು ಕೊರೊನಾ ಕಾಲದಲ್ಲಿ ಗೊತ್ತಾಯಿತು. 2021 ಮತ್ತು 2022ರಲ್ಲಿ ಜಾತ್ರೆಗೆ ನಿರ್ಬಂಧ ಬಿದ್ದು ನಾಟಕಗಳೂ ನಿಂತವು. ನಟರಷ್ಟೇ ಅಲ್ಲ, ಪರದೆ ಎಳೆಯುವವರು, ಅಡುಗೆಯವರು, ಗೇಟ್ ಕಾಯುವವರು ಕೂಡ ಬರಿಗೈಯಲ್ಲಿ ಕೂರಬೇಕಾಯಿತು. ನಿರ್ಬಂಧ ತೆರವಾದ ಮೇಲೆ ಚೊಳಚಗುಡ್ಡದಲ್ಲಿ ಮತ್ತೆ ತಗಡಿನ ಥಿಯೇಟರ್‌ಗಳು ಎದ್ದಿವೆ.