1834: ಒಂದೇ ವರ್ಷ, ಯಾರ್ಯಾರದ್ದೋ ಲೆಕ್ಕ

ಬ್ರಿಟನ್ ಒಂದೇ ವರ್ಷದಲ್ಲಿ ನಾಲ್ಕು ಪ್ರಧಾನಿಗಳನ್ನು ಕಂಡಿದ್ದು ಗೊತ್ತಾ? ಅದೇ ವರ್ಷ ಅವರ ಪಾರ್ಲಿಮೆಂಟು ಸುಟ್ಟು ಬೂದಿಯಾಯ್ತು. ಅದೇ ವರ್ಷ ನಮ್ಮ ಮಡಿಕೇರಿ ಕೂಡ ಅವರ ಕೈಸೇರಿತು. ವರ್ಷ 1834. ಸ್ವಲ್ಪ ಉದ್ದ ಇದೆ, ಆರಾಮಾಗಿ ಓದಿ.

1️⃣ ಫೆಬ್ರವರಿ: ಆರು ಜನ ಕೂಲಿಯಾಳುಗಳು

ಇಂಗ್ಲೆಂಡಿನ ಡಾರ್ಸೆಟ್ ಸೀಮೆಯಲ್ಲಿ ಟಾಲ್‌ಪಡಲ್ ಅಂತ ಒಂದು ಹಳ್ಳಿ. ಹೊಲದ ಕೆಲಸಕ್ಕೆ ವಾರಕ್ಕೆ 9 ಶಿಲ್ಲಿಂಗ್ ಇದ್ದ ಕೂಲಿ 7ಕ್ಕೆ ಇಳಿದಿತ್ತು. ಇನ್ನು 6ಕ್ಕೆ ಇಳಿಸ್ತಾರೆ ಅನ್ನೋ ಸುದ್ದಿ ಬೇರೆ. ಜಾರ್ಜ್ ಲವ್‌ಲೆಸ್ ಮತ್ತು ಜೊತೆಗಾರರು ಸೇರಿ ಒಂದು ಸಂಘ ಕಟ್ಟಿದರು. ಸಂಘ ಕಟ್ಟೋದು 1824ರಿಂದಲೇ ಅಪರಾಧ ಆಗಿರಲಿಲ್ಲ. ಹಾಗಾದ್ರೆ ಯಾವ ಕೇಸು ಹಾಕೋದು? 1797ರಲ್ಲಿ ನೌಕಾಪಡೆಯ ದಂಗೆ ಹತ್ತಿಕ್ಕೋಕೆ ಮಾಡಿದ್ದ ಕಾನೂನೊಂದನ್ನು ಹುಡುಕಿ ತೆಗೆದರು. ಸಂಘ ಸೇರುವಾಗ ಗುಟ್ಟಾಗಿ ಪ್ರಮಾಣ ಮಾಡಿದ್ದೇ ತಪ್ಪಾಯ್ತು. ಆರು ಜನಕ್ಕೂ ಶಿಕ್ಷೆ: 7 ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು.

ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ಭಾರೀ ಮೆರವಣಿಗೆ ಹೊರಟಿತು. ಮನವಿಗೆ ಬಿದ್ದ ಸಹಿ ಎರಡು ಲಕ್ಷಕ್ಕೂ ಹೆಚ್ಚು. ಗೃಹಮಂತ್ರಿ ಲಾರ್ಡ್ ಮೆಲ್ಬರ್ನ್ ಆ ದಿನ ಅದನ್ನು ತಗೊಳ್ಳೋಕೇ ಒಪ್ಪಲಿಲ್ಲ. ಆದರೂ ಜನ ಬಿಡಲಿಲ್ಲ. 1836ರಲ್ಲಿ ಆರೂ ಜನರಿಗೆ ಕ್ಷಮೆ ಸಿಕ್ಕಿತು.

2️⃣ ಏಪ್ರಿಲ್: ಕೊಡಗು

ಮೆರವಣಿಗೆ ನಡೆದ ತಿಂಗಳಲ್ಲೇ ಕಂಪನಿಯ ಸೈನ್ಯ ಮಡಿಕೇರಿ ಹೊಕ್ಕಿತು. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರ ರಾಜೇಂದ್ರ ಪದಚ್ಯುತನಾಗಿ ಕಾಶಿಗೆ ಹೋಗಬೇಕಾಯ್ತು. ಮಾಸ್ತಿಯವರ ಕಾದಂಬರಿ ಓದಿದವರಿಗೆ ಈ ಕಥೆ ಗೊತ್ತೇ ಇರುತ್ತೆ. 1852ರಲ್ಲಿ ಮಗಳು ಗೌರಮ್ಮನ ಜೊತೆ ಅವನು ಲಂಡನ್‌ಗೆ ಹೋದ. ಅಲ್ಲಿ ಮಗಳಿಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆ ಆದಳು. ಅಪ್ಪ ಮಾತ್ರ ಕಂಪನಿಯ ಬಳಿಯಿದ್ದ ತನ್ನ ಹಣಕ್ಕಾಗಿ ಅಲ್ಲಿನ ಕೋರ್ಟಿಗೆ ಅಲೆದ. 1859ರಲ್ಲಿ ಅಲ್ಲೇ ತೀರಿಕೊಂಡ.

3️⃣ ಆಗಸ್ಟ್ 1: ಬಿಡುಗಡೆ, ಆದರೆ…

ಗುಲಾಮಗಿರಿ ರದ್ದು ಮಾಡುವ ಕಾಯ್ದೆ ಜಾರಿಗೆ ಬಂತು. ಕೆರೀಬಿಯನ್ ದ್ವೀಪಗಳು, ಮಾರಿಷಸ್, ದಕ್ಷಿಣ ಆಫ್ರಿಕಾ ಎಲ್ಲ ಸೇರಿ ಹೆಚ್ಚುಕಡಿಮೆ 8 ಲಕ್ಷ ಜನರ ಬದುಕಿನ ಪ್ರಶ್ನೆ ಅದು. ದೊಡ್ಡ ಹೆಜ್ಜೆಯೇ, ಅನುಮಾನ ಬೇಡ. ಆದರೆ ಒಳಗಿನ ಷರತ್ತು ಓದಿ. ಪರಿಹಾರ ಅಂತ ಸರ್ಕಾರ ತೆಗೆದಿಟ್ಟ ಹಣ 2 ಕೋಟಿ ಪೌಂಡ್. ಅದು ಹೋಗಿದ್ದು ಮಾಲೀಕರಿಗೆ. ದುಡಿದವರಿಗೆ ಒಂದು ಕಾಸೂ ಇಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ತಕ್ಷಣ ಬಿಡುಗಡೆ. ಬಹುತೇಕ ಎಲ್ಲ ಕಡೆ ಉಳಿದವರು ‘ಕೆಲಸ ಕಲಿಯುವವರು’ ಅನ್ನೋ ಹೆಸರಲ್ಲಿ ಅದೇ ಮಾಲೀಕನ ಬಳಿ ಸಂಬಳವಿಲ್ಲದೆ ದುಡೀಬೇಕು. ಆ ಪದ್ಧತಿ ನಿಂತಿದ್ದು 1838ರಲ್ಲಿ. ಕಂಪನಿ ಆಳ್ತಿದ್ದ ಭಾರತಕ್ಕಂತೂ ಆ ಕಾಯ್ದೆ ಅನ್ವಯಿಸಲೇ ಇಲ್ಲ.

ಪರಿಹಾರಕ್ಕೆ ಅಂತ ಮಾಡಿದ ಸಾಲ ಪೂರ್ತಿ ತೀರಿದ್ದು ಯಾವಾಗ ಗೊತ್ತಾ? 2015ರಲ್ಲಿ. ಅಂದ್ರೆ ಗುಲಾಮರ ಮರಿಮಕ್ಕಳು ಯಾರಾದರೂ ಬ್ರಿಟನ್‌ಗೆ ಹೋಗಿ ನೆಲೆಸಿ ತೆರಿಗೆ ಕಟ್ಟಿದ್ದರೆ, ಆ ಸಾಲ ತೀರಿಸಿದವರಲ್ಲಿ ಅವರೂ ಸೇರ್ತಾರೆ.

4️⃣ ಆಗಸ್ಟ್ 14: ಬಡವರ ಕಾನೂನು

ಎರಡೇ ವಾರಕ್ಕೆ ಇನ್ನೊಂದು ಕಾಯ್ದೆ. ದುಡಿಯಬಲ್ಲ ಬಡವರಿಗೆ ಮನೆಯಲ್ಲೇ ಸಿಗ್ತಿದ್ದ ನೆರವನ್ನು ಆದಷ್ಟು ಕಡಿಮೆ ಮಾಡಿ, ‘ವರ್ಕ್‌ಹೌಸ್’ಗೆ ಬಂದರೆ ಮಾತ್ರ ಊಟ ಅನ್ನೋ ಲೆಕ್ಕ. ಒಳಗೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಹೊರಗಿನ ಅತ್ಯಂತ ಬಡ ಕೂಲಿಯವನ ಬಾಳಿಗಿಂತ ಒಳಗಿನದು ಕೀಳಾಗಿರಬೇಕು ಅನ್ನೋದು ಬರೆದಿಟ್ಟ ನಿಯಮವೇ. ಮಾಲೀಕರಿಗೆ ಕೊಡೋಕೆ ಕೋಟಿಗಟ್ಟಲೆ ಹುಟ್ಟಿದ ಖಜಾನೆ ಇಲ್ಲಿ ಚೌಕಾಸಿಗೆ ಕೂತಿತು.

5️⃣ ಅಕ್ಟೋಬರ್ 16: ಕಡ್ಡಿಗಳ ಬೆಂಕಿ

ಹಿಂದೆ ಇಂಗ್ಲೆಂಡಿನ ಖಜಾನೆ ಮರದ ಕಡ್ಡಿಯ ಮೇಲೆ ಲೆಕ್ಕ ಇಡ್ತಿತ್ತು. ಮೊತ್ತಕ್ಕೆ ತಕ್ಕಂತೆ ಗಾಡಿ ಕೊರೆದು, ಕಡ್ಡಿಯನ್ನು ಉದ್ದುದ್ದಕ್ಕೆ ಸೀಳಿ, ಒಂದು ಸೀಳು ಕೊಟ್ಟವನಿಗೆ, ಇನ್ನೊಂದು ಖಜಾನೆಗೆ. ಎರಡನ್ನೂ ಜೋಡಿಸಿದರೆ ಗುರುತು ಕೂಡಬೇಕು. ಯಾರೂ ಮೋಸ ಮಾಡೋ ಹಾಗಿಲ್ಲ. ಆ ಪದ್ಧತಿ 1826ಕ್ಕೆ ಮುಗಿದು ಕಡ್ಡಿಗಳು ರಾಶಿ ಬಿದ್ದಿದ್ದವು. ಎರಡು ಗಾಡಿ ತುಂಬುವಷ್ಟನ್ನು ಲಾರ್ಡ್ಸ್ ಸಭೆಯ ಕೆಳಗಿನ ಒಲೆಗಳಿಗೆ ದಿನವಿಡೀ ತುಂಬಿದರು. ಮಧ್ಯಾಹ್ನ ನೋಡೋಕೆ ಬಂದವರ ಕಾಲಿಗೆ ನೆಲವೇ ಬಿಸಿ ತಟ್ಟುತ್ತಿತ್ತು. ಆದರೂ ಒಲೆ ಆರಿಸೋಕೆ ಯಾರೂ ಹೋಗಲಿಲ್ಲ. ಸಂಜೆ ಆರರ ಹೊತ್ತಿಗೆ ಪಾರ್ಲಿಮೆಂಟು ಧಗಧಗ. ಚಿತ್ರಕಾರ ಟರ್ನರ್ ಆ ಬೆಂಕಿಯನ್ನು ನೋಡಿ ಚಿತ್ರ ಬರೆದ. ಇವತ್ತು ನೀವು ಫೋಟೋದಲ್ಲಿ ನೋಡೋ ಕಟ್ಟಡ ಬೆಂಕಿಯ ನಂತರ ಕಟ್ಟಿದ್ದು.

ಆ ಕಡ್ಡಿಗಳನ್ನು ಸುತ್ತಲಿನ ಬಡವರಿಗೆ ಸೌದೆಗೆ ಕೊಡಬಹುದಿತ್ತಲ್ಲ ಅಂತ ಡಿಕನ್ಸ್ 1855ರ ಭಾಷಣದಲ್ಲಿ ಚುಚ್ಚಿದ. ಬಡವರ ಕಾನೂನು ಮಾಡಿದ ಎರಡೇ ತಿಂಗಳಿಗೆ ನಡೆದದ್ದು ಅನ್ನೋದು ನೆನಪಿರಲಿ.

6️⃣ ನವೆಂಬರ್: ದೊರೆಯ ಕೋಪ

ಜುಲೈನಲ್ಲಿ ಗ್ರೇ ಇಳಿದು ಮೆಲ್ಬರ್ನ್ ಪ್ರಧಾನಿ ಆಗಿದ್ದ. ಹೌದು, ಅದೇ ಮೆಲ್ಬರ್ನ್. ನವೆಂಬರ್‌ನಲ್ಲಿ ದೊರೆ 4ನೇ ವಿಲಿಯಂ ಅವನನ್ನು ತೆಗೆದುಹಾಕಿದ. ಪೀಲ್ ಇಟಲಿಯಲ್ಲಿದ್ದ ಕಾರಣ, ಅವನು ಬರೋ ತನಕ ವೆಲ್ಲಿಂಗ್ಟನ್ ಕುರ್ಚಿ ಕಾದ. ಆಮೇಲೆ ಬ್ರಿಟನ್ನಿನ ಯಾವ ದೊರೆಯೂ ಪ್ರಧಾನಿಯನ್ನು ಹೀಗೆ ಕಿತ್ತುಹಾಕಿಲ್ಲ.

ಕೊನೇ ಮಾತು. ಆ ಬೆಂಕಿಯಲ್ಲಿ ಕಾಮನ್ಸ್ ಸಭೆಯ ಹಳೇ ದಾಖಲೆಗಳು ಬಹುಪಾಲು ಹೋದವು. ಆದರೆ ಗುಲಾಮರ ಮಾಲೀಕರಿಗೆ ಕೊಟ್ಟ ಪರಿಹಾರದ ಪುಸ್ತಕಗಳು ಇವತ್ತಿಗೂ ಇವೆ, ಯಾರಿಗೆ ಎಷ್ಟು ಅಂತ ಹೆಸರು ಸಮೇತ. ಸೀಳಿದ ಕಡ್ಡಿಯ ಒಂದು ಭಾಗ ಮಾತ್ರ ಜೋಪಾನವಾಗಿದೆ. ಇನ್ನೊಂದು ಭಾಗ ದುಡಿದವರ ಕೈಗೆ ಯಾರೂ ಕೊಟ್ಟೇ ಇರಲಿಲ್ಲ.

ಮುಂದೆ ಯಾವ ವರ್ಷ ಬರೀಲಿ, ಹೇಳಿ.

#ಒಂದುವರ್ಷದಕಥೆ #ಇತಿಹಾಸ #ಕನ್ನಡ