ರೀಫ್ ಟ್ಯಾಂಕ್‌ಗೆ ಯಾವ ನೀರು? ಆರ್‌ಓ ಹಿಂದಿನ ಕಥೆ

▪️ 1/6

ಹವಳ ಇಟ್ಟ ಟ್ಯಾಂಕ್‌ಗೆ ನಲ್ಲಿ ನೀರು ಯಾಕೆ ಆಗಲ್ಲ? ಅಡುಗೆಮನೆ ಆರ್‌ಓ ಸಾಕಾಗಲ್ವಾ? ಈ ಎರಡು ಪ್ರಶ್ನೆಗೆ ಉತ್ತರ ಬೇಕಾದ್ರೆ ಸ್ವಲ್ಪ ಹಿಂದೆ ಹೋಗ್ಬೇಕು. ಗೋಡೆಗೆ ನೇತುಹಾಕುವ ಆ ಫಿಲ್ಟರ್‌ನ ಒಂದೊಂದು ಡಬ್ಬಿಯೂ ಒಂದೊಂದು ಕಾಲದಲ್ಲಿ ಹುಟ್ಟಿದ್ದು.

1846ರಲ್ಲಿ ಅನ್ನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕೀ ಕಡಲತೀರದಿಂದ ಜೀವಂತ ಹವಳಗಳನ್ನು ಲಂಡನ್ನಿನ ತಮ್ಮ ಮನೆಗೆ ತಂದರು. ಕಡಲ ನೀರನ್ನು ದಿನಾ ತರಿಸುವುದು ಸಾಧ್ಯವಿರಲಿಲ್ಲ. ಹಾಗಾಗಿ ಮನೆಗೆಲಸದಾಕೆ ತೆರೆದ ಕಿಟಕಿ ಪಕ್ಕ ನಿಂತು ಅದೇ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸುರಿಯುತ್ತಿದ್ದಳು, ನಾವು ಬಿಸಿ ಕಾಫಿ ಆರಿಸ್ತೀವಲ್ಲ ಹಾಗೆ. ನೀರಿಗೆ ಗಾಳಿ ಸೇರಿತು, ಹವಳ ಬದುಕಿತು. ಆಮೇಲೆ ಕಡಲ ಸಸ್ಯಗಳನ್ನೂ ಜೊತೆಗಿಟ್ಟರು. ಮನೆಯೊಳಗೆ ಹವಳ ಸಾಕಿದ ಕಥೆ ಶುರುವಾಗುವುದು ಇಲ್ಲಿಂದ.

▪️ 2/6

ಕಡಲಿನಿಂದ ದೂರ ಇರುವವರು ಏನು ಮಾಡ್ಬೇಕು? 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ನಾಲ್ಕು ಬಗೆಯ ಲವಣಗಳನ್ನು ಸಿಹಿನೀರಿಗೆ ಬೆರೆಸಿ ಕೃತಕ ಕಡಲ ನೀರು ತಯಾರಿಸಿದರು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತೆ. ಉಳಿದಿದ್ದೆಲ್ಲ ಬರೀ ನೀರು. ಅಂದ್ರೆ ಉಪ್ಪಿನ ಪ್ಯಾಕೆಟ್ ಎಷ್ಟೇ ದುಬಾರಿಯದ್ದು ತಂದರೂ, ಟ್ಯಾಂಕ್‌ನ ಬಹುಪಾಲು ನಾವು ಸುರಿಯುವ ನೀರೇ. ಅದರಲ್ಲಿ ಮೊದಲೇ ಏನಿತ್ತೋ ಅದೂ ಜೊತೆಗೇ ಬರುತ್ತೆ.

ಅದೇ ಹೊತ್ತಿಗೆ, 1850ರಲ್ಲಿ, ಥಾಮ್ಸನ್ ಮತ್ತು ವೇ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ಹೊಲದ ಮಣ್ಣನ್ನು ಪರೀಕ್ಷಿಸುತ್ತಿದ್ದರು. ಅಮೋನಿಯಾ ಗೊಬ್ಬರದ ದ್ರಾವಣವನ್ನು ಮಣ್ಣಿನ ಮೂಲಕ ಹಾಯಿಸಿದರೆ ಅಮೋನಿಯಾ ಮಣ್ಣಿನಲ್ಲೇ ಉಳಿದು, ಬದಲಿಗೆ ಸುಣ್ಣದ ಅಂಶ ಹೊರಗೆ ಬರುತ್ತಿತ್ತು. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಈ ಗುಣವೇ ಅಯಾನು ವಿನಿಮಯ. 1935ರಲ್ಲಿ ಆಡಮ್ಸ್ ಮತ್ತು ಹೋಮ್ಸ್ ಇದೇ ಕೆಲಸ ಮಾಡುವ ಕೃತಕ ರೆಸಿನ್ ತಯಾರಿಸಿದರು. ಇವತ್ತು ಅಕ್ವೇರಿಯಂ ಅಂಗಡಿಯಲ್ಲಿ ಡಿಐ ಅಂತ ಕೊಡುವ ಬಣ್ಣದ ಕಾಳುಗಳ ಡಬ್ಬಿ ಇದರ ವಂಶದ್ದೇ.

▪️ 3/6

ಈಗ ಆರ್‌ಓ ಸರದಿ. 1748ರಲ್ಲಿ ಫ್ರಾನ್ಸಿನ ಪಾದ್ರಿ ನೊಲೆ, ಮದ್ಯಸಾರ ತುಂಬಿದ ಸೀಸೆಯ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆ ಕಟ್ಟಿ ನೀರಿನಲ್ಲಿ ಮುಳುಗಿಸಿದರು. ನೀರು ತಾನಾಗೇ ಒಳಗೆ ನುಗ್ಗಿ ಪೊರೆ ಉಬ್ಬಿತು. ಇದು ಆಸ್ಮಾಸಿಸ್. ಉಪ್ಪುನೀರಿನ ಕಡೆಯಿಂದ ಒತ್ತಡ ಹಾಕಿ ಇದನ್ನೇ ಉಲ್ಟಾ ಓಡಿಸಿದರೆ ಸಿಹಿನೀರು ಸಿಗಬೇಕು. ಹೇಳೋದು ಸುಲಭ, ಆದರೆ ತಕ್ಕ ಪೊರೆ ಸಿಗಲು 200 ವರ್ಷ ಹಿಡಿಯಿತು.

1950ರ ದಶಕದ ಕೊನೆಗೆ ಫ್ಲಾರಿಡಾದಲ್ಲಿ ರೀಡ್ ಮತ್ತು ಬ್ರೆಟನ್, ಸೆಲ್ಯುಲೋಸ್ ಅಸಿಟೇಟ್ ಪೊರೆ ಉಪ್ಪನ್ನು ತಡೆಯುತ್ತೆ ಅಂತ ತೋರಿಸಿದರು. ಆದರೆ ನೀರು ಬರುತ್ತಿದ್ದದ್ದು ತೀರಾ ನಿಧಾನ. ಅದೇ ಸಮಯಕ್ಕೆ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಕೆಲಸ ಮಾಡುತ್ತಿದ್ದರು. ಅವರ ಕೈಲಿದ್ದ ಒಂದು ಪೊರೆ ಒಂದು ಬದಿ ಇಟ್ಟರೆ ಉಪ್ಪು ತಡೆಯುತ್ತಿತ್ತು, ಮಗುಚಿ ಇಟ್ಟರೆ ಇಲ್ಲ. ಎರಡು ಬದಿಯೂ ಒಂದೇ ತರ ಇಲ್ಲ ಅನ್ನೋದು ಇದರಿಂದ ಗೊತ್ತಾಯಿತು. ಮೇಲೆ ತೀರಾ ತೆಳುವಾದ ಬಿಗಿ ಚರ್ಮ, ಕೆಳಗೆ ಸ್ಪಂಜಿನಂಥ ಆಸರೆ: ಇಂಥ ಪೊರೆಯನ್ನು ಬೇಕೆಂದೇ ತಯಾರಿಸಿದಾಗ ನೀರು ಧಾರಾಳವಾಗಿ ಹರಿಯಿತು.

▪️ 4/6

1965ರಲ್ಲಿ ಕ್ಯಾಲಿಫೋರ್ನಿಯಾದ ಕೊಯಲಿಂಗಾದಲ್ಲಿ ಊರಿಗೆ ನೀರು ಕೊಡುವ ಆರ್‌ಓ ಘಟಕ ಶುರುವಾಯಿತು. ಅಲ್ಲಿನ ಬಾವಿನೀರು ಕುಡಿಯಲಾಗದಷ್ಟು ಉಪ್ಪು. ಒಂದು ಕಾಲಕ್ಕೆ ಕುಡಿಯುವ ನೀರು ಅಲ್ಲಿಗೆ ರೈಲಿನಲ್ಲಿ ಬರುತ್ತಿತ್ತು. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತುಂಬಿಸ್ಕೊಳ್ಳೋ ಶುದ್ಧ ನೀರಿನ ಘಟಕವೂ ಇದೇ ತಂತ್ರಜ್ಞಾನದ್ದು.

1970ರ ದಶಕದಲ್ಲಿ ಜಾನ್ ಕ್ಯಾಡಟ್ ಪಾಲಿಅಮೈಡ್‌ನ ತೆಳುಪೊರೆ ತಂದರು. ಕಡಿಮೆ ಒತ್ತಡ ಸಾಕು, ಲವಣ ಇನ್ನೂ ಚೆನ್ನಾಗಿ ತಡೆಯುತ್ತೆ. ಇದಕ್ಕೊಂದು ದೌರ್ಬಲ್ಯ ಇದೆ: ಕ್ಲೋರಿನ್ ತಗುಲಿದರೆ ಹಾಳಾಗುತ್ತೆ. ಅದಕ್ಕೇ ಇವತ್ತಿನ ಫಿಲ್ಟರ್‌ನಲ್ಲಿ ಮೊದಲು ಮಣ್ಣು-ತುಕ್ಕು ತಡೆಯುವ ಸೆಡಿಮೆಂಟ್, ಆಮೇಲೆ ಕ್ಲೋರಿನ್ ಹೀರುವ ಕಾರ್ಬನ್, ಆಮೇಲೆ ಪೊರೆ, ಕೊನೆಗೆ ಡಿಐ. ಈ ಕ್ರಮ ತಪ್ಪಿಸುವ ಹಾಗಿಲ್ಲ.

▪️ 5/6

ಹವಳದ ಹವ್ಯಾಸವೂ ಅಷ್ಟರಲ್ಲಿ ಬೆಳೆದಿತ್ತು. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್, ಜೀವಂತ ಕಲ್ಲು, ಕಡಲ ನೀರು, ಗಾಳಿಗುಳ್ಳೆ ಇಷ್ಟರಲ್ಲೇ ಹವಳ ಸಾಕುವ ವಿಧಾನ ಬರೆದರು. ಅವರಿಗೆ ಕಡಲು ಹತ್ತಿರವಿತ್ತು. 1986ರಲ್ಲಿ ಜಾರ್ಜ್ ಸ್ಮಿಟ್‌ರ ಲೇಖನಮಾಲೆ ಅಮೆರಿಕದಲ್ಲಿ ಮಿನಿ-ರೀಫ್ ಹುಚ್ಚು ಹಬ್ಬಿಸಿದಾಗ, ಪ್ಯಾಕೆಟ್ ಉಪ್ಪು ಮತ್ತು ನಲ್ಲಿ ನೀರನ್ನೇ ನಂಬಿದ್ದ ಒಳನಾಡಿನವರ ಮುಂದೆ ಹಳೇ ಪ್ರಶ್ನೆ ಮತ್ತೆ ಬಂತು.

ಒಂದು ಸಣ್ಣ ಲೆಕ್ಕ ನೋಡಿ. ಟ್ಯಾಂಕ್‌ನಿಂದ ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತೆ. ದಿನಕ್ಕೆ 3 ಲೀಟರ್ ಆವಿಯಾಯ್ತು, ಅದನ್ನು 300 ಟಿಡಿಎಸ್ ಇರುವ ನೀರಿನಿಂದ ತುಂಬಿಸಿದ್ರಿ ಅಂದ್ಕೊಳ್ಳಿ. ದಿನಕ್ಕೆ 0.9 ಗ್ರಾಂ, ವರ್ಷಕ್ಕೆ ಸುಮಾರು 330 ಗ್ರಾಂ ಬೇಡದ್ದು ಟ್ಯಾಂಕ್ ಸೇರಿತು. ಅದರಲ್ಲಿ ನೈಟ್ರೇಟ್, ಫಾಸ್ಫೇಟ್ ಇದ್ದರೆ ಪಾಚಿ. ಸಿಲಿಕಾ ಇದ್ದರೆ ಗಾಜಿನ ಮೇಲೆ ಕಂದು ಪದರ. ತಾಮ್ರ ಚೂರೇ ಇದ್ದರೂ ಹವಳ, ಸೀಗಡಿಗೆ ವಿಷ.

▪️ 6/6

ಹಾಗಾದ್ರೆ ಯಾವುದು ತಗೋಬೇಕು?

🔹 ಅಡುಗೆಮನೆ ಆರ್‌ಓ ಸಾಲದು. ರುಚಿಗೋಸ್ಕರ ಹಲವು ಮಾಡೆಲ್‌ಗಳಲ್ಲಿ ಖನಿಜ ಸೇರಿಸ್ತಾರೆ, ಇಲ್ಲವೇ ಸ್ವಲ್ಪ ಕಚ್ಚಾ ನೀರನ್ನೇ ಬೆರೆಸ್ತಾರೆ. ನಮಗೆ ಒಳ್ಳೇದು, ಹವಳಕ್ಕಲ್ಲ.

🔹 ಮೊದಲು ನಿಮ್ಮ ಸಂಪಿನ ನೀರಿನ ಟಿಡಿಎಸ್ ಅಳೆಯಿರಿ. ಪೊರೆ 95-98% ತಡೆದರೆ 300 ಇದ್ದದ್ದು 6-15ಕ್ಕೆ ಇಳಿಯುತ್ತೆ, ಡಿಐ ಅದನ್ನು 0 ಮಾಡುತ್ತೆ. ಬೋರ್‌ವೆಲ್ ನೀರು 1000 ದಾಟಿದ್ರೆ ಪೊರೆ ದಾಟಿ ಬರೋದೇ ಹೆಚ್ಚು, ರೆಸಿನ್ ಬೇಗ ಮುಗಿಯುತ್ತೆ. ಗಡಸು ನೀರಾದ್ರೆ ಪೊರೆ ಮೇಲೆ ಸುಣ್ಣವೂ ಕಟ್ಟುತ್ತೆ.

🔹 ಮೀಟರ್ 0 ಬಿಟ್ಟು ಮೇಲೇರಿದ ದಿನವೇ ರೆಸಿನ್ ಬದಲಿಸಿ. ಮುಗಿದ ರೆಸಿನ್ ಹಿಡಿದಿದ್ದನ್ನೇ ವಾಪಸ್ ಬಿಡುತ್ತೆ.

🔹 1 ಲೀಟರ್ ಒಳ್ಳೆ ನೀರಿಗೆ 3-4 ಲೀಟರ್ ವೇಸ್ಟ್ ಹೋಗಬಹುದು. ಚರಂಡಿಗೆ ಬಿಡಬೇಡಿ, ನೆಲ ಒರೆಸಲು, ಟಾಯ್ಲೆಟ್‌ಗೆ ಬಳಸಿ.

ಕೊನೆಯದಾಗಿ ಮುಖ್ಯವಾದ ಮಾತು. ನಮ್ಮ ದೇಶದಲ್ಲಿ ರೀಫ್ ಕಟ್ಟುವ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯ ರಕ್ಷಣೆ ಇದೆ. ಮುರುಡೇಶ್ವರದ ಆಚೆ ನೇತ್ರಾಣಿಯಲ್ಲಿರುವ ಹವಳ ಅಲ್ಲೇ ಇರಲಿ. ಎಲ್ಲಿಂದ ಬಂತು, ಕಾನೂನು ಒಪ್ಪುತ್ತಾ ಅಂತ ಕೇಳದೆ ಯಾವ ಹವಳವನ್ನೂ ಕೊಳ್ಳಬೇಡಿ. ತಂದ ಮೇಲೆ ಅದು ಬದುಕೋದು ನೀವು ದಿನಾ ಸುರಿಯುವ ಆ ಮೂರು ಲೀಟರ್ ನೀರಿನ ಮೇಲೆ.

ನಿಮ್ಮ ಏರಿಯಾದಲ್ಲಿ ಟಿಡಿಎಸ್ ಎಷ್ಟು? ನಲ್ಲಿ ನೀರಾ, ಬೋರ್‌ವೆಲ್ಲಾ? ಕಾಮೆಂಟ್‌ನಲ್ಲಿ ಬರೀರಿ 👇

#ನೀರಿನಕಥೆ #ಹವಳ #ರೀಫ್‌ಟ್ಯಾಂಕ್ #ವಿಜ್ಞಾನಇತಿಹಾಸ #ಕನ್ನಡ