ಹುಣಸೆಯ ಹುಳಿ ಮತ್ತು ತಿರುಗುವ ಬೆಳಕು

ಹುಣಸೆಹಣ್ಣಿನ ಹುಳಿಗೆ ಟಾರ್ಟಾರಿಕ್ ಆಮ್ಲ ಕಾರಣವೆಂದು ಈ ಶಾಲೆಯ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಆ ಆಮ್ಲಕ್ಕೊಂದು ದೊಡ್ಡ ಚರಿತ್ರೆಯಿದೆಯೆಂದು ತಿಳಿದದ್ದು ಮುಂದೆ ಬಿ.ಎಸ್ಸಿ. ಓದುವಾಗ, ಪೋಲಾರಿಮೀಟರ್ ಎಂಬ ಉಪಕರಣದಲ್ಲಿ ಸೋಡಿಯಂ ದೀಪದ ಹಳದಿ ಬೆಳಕನ್ನು ನೋಡಿದ ದಿನ.

ಬೆಳಕಿನ ಅಲೆಗಳು ಸಾಮಾನ್ಯವಾಗಿ ಹಲವು ದಿಕ್ಕುಗಳಲ್ಲಿ ಕಂಪಿಸುತ್ತವೆ. ಒಂದೇ ಸಮತಲದಲ್ಲಿ ಕಂಪಿಸುವಂತೆ ಮಾಡಿದರೆ ಅದು ಧ್ರುವೀಕೃತ ಬೆಳಕು. ಟರ್ಪೆಂಟೈನ್ ಎಣ್ಣೆಯಂಥ ದ್ರವಗಳು ಈ ಸಮತಲವನ್ನೇ ತಿರುಗಿಸುತ್ತವೆಂದು 1815ರಲ್ಲಿ ಫ್ರಾನ್ಸಿನ ಬಯೋ ಕಂಡುಕೊಂಡರು. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲ ಬಲಕ್ಕೆ ತಿರುಗಿಸುತ್ತಿತ್ತು. ಅದೇ ಸಂಯೋಜನೆಯ ರೇಸಿಮಿಕ್ ಆಮ್ಲ ಮಾತ್ರ ತಿರುಗಿಸುತ್ತಲೇ ಇರಲಿಲ್ಲ.

1848ರಲ್ಲಿ, 25 ವರ್ಷದ ಲೂಯಿ ಪಾಶ್ಚರ್ ಈ ಒಗಟನ್ನು ಬಿಡಿಸಿದರು. ರೇಸಿಮಿಕ್ ಆಮ್ಲದ ಲವಣದ ಹರಳುಗಳಲ್ಲಿ ಎರಡು ಬಗೆ ಇದ್ದವು. ಒಂದು ಇನ್ನೊಂದರ ಕನ್ನಡಿಬಿಂಬ, ನಮ್ಮ ಎಡಗೈ ಬಲಗೈಗಳಂತೆ. ಅವನ್ನು ಕೈಯಿಂದಲೇ ಆರಿಸಿ ಬೇರೆಬೇರೆ ಕರಗಿಸಿದಾಗ ಒಂದು ಬಲಕ್ಕೂ ಇನ್ನೊಂದು ಎಡಕ್ಕೂ ತಿರುಗಿಸಿತು. ಎಪ್ಪತ್ತು ದಾಟಿದ್ದ ಬಯೋ ಕೇಳಿದ ಮಾತ್ರಕ್ಕೆ ನಂಬಲಿಲ್ಲ. ತಾವೇ ಆಮ್ಲ ಕೊಟ್ಟು, ತಮ್ಮೆದುರೇ ಮಾಡಿಸಿ, ತಮ್ಮ ಕಣ್ಣಿಂದಲೇ ನೋಡಿ ಒಪ್ಪಿದರು.

ಇಂಥ ಎಡ–ಬಲ ರೂಪಗಳಿರುವ ವಸ್ತುಗಳನ್ನು ಕೈರಲ್ ಎನ್ನುತ್ತಾರೆ. ಬೆಳಕು ತಿರುಗಿದ ಪ್ರಮಾಣದಿಂದ ಅವುಗಳ ಶುದ್ಧತೆಯನ್ನು ಅಳೆಯಬಹುದು. ಶುದ್ಧ ಬಲರೂಪ 12 ಡಿಗ್ರಿ ತಿರುಗಿಸುತ್ತದೆ, ಅಷ್ಟೇ ಸಾಂದ್ರತೆಯ ನಮ್ಮ ಮಾದರಿ 9 ಡಿಗ್ರಿ ತಿರುಗಿಸಿತು ಎನ್ನೋಣ. ಬಲರೂಪ ಶೇ. 75 ಇದೆಯೆಂದು ನಾನೂ ಮೊದಲು ಬರೆದು ತಪ್ಪಿದ್ದೆ. 75 ಎಂಬುದು ಎಡಕ್ಕಿಂತ ಬಲ ಎಷ್ಟು ಹೆಚ್ಚಿದೆ ಎಂಬ ಲೆಕ್ಕ. ಉಳಿದ 25ರಲ್ಲಿ ಎರಡೂ ಸಮಪಾಲು. ಆದ್ದರಿಂದ ಬಲ ಶೇ. 87.5, ಎಡ ಶೇ. 12.5.

ಈ ಲೆಕ್ಕವೂ ಬೇರೇನೂ ಬೆರೆತಿಲ್ಲದಿದ್ದರೆ ಮಾತ್ರ ಸರಿ. ಬೆಳಕನ್ನು ಬಲವಾಗಿ ತಿರುಗಿಸುವ ಕಲ್ಮಷ ತುಸುವೇ ಇದ್ದರೂ ಅಳತೆ ಸುಳ್ಳಾಗುತ್ತದೆ. ಉಷ್ಣತೆ, ದ್ರಾವಕ, ಬೆಳಕಿನ ಬಣ್ಣ ಬದಲಾದರೂ ಅಂಕಿ ಬದಲಾಗುತ್ತದೆ. ಕೆಲವು ವಸ್ತುಗಳಲ್ಲಂತೂ ತಿರುಗುವಿಕೆ ಶುದ್ಧತೆಗೆ ಸರಿಯಾಗಿ ಏರುವುದೇ ಇಲ್ಲವೆಂದು 1969ರಲ್ಲಿ ಓರೋ ತೋರಿಸಿದರು. ಔಷಧದ ಒಂದು ರೂಪ ಗುಣಪಡಿಸಿ, ಇನ್ನೊಂದು ಕೆಡುಕು ಮಾಡಬಹುದಾದ್ದರಿಂದ ಇಂದು ಕ್ರೊಮ್ಯಾಟೊಗ್ರಫಿಯಿಂದ ಎರಡೂ ರೂಪಗಳನ್ನು ಬೇರ್ಪಡಿಸಿ ಎಣಿಸುತ್ತಾರೆ.

ಈಗ ಓದುತ್ತಿರುವ ಮಕ್ಕಳಿಗೆ ನನ್ನ ಮಾತು ಇಷ್ಟೇ: ಉಪಕರಣ ಅಂಕಿ ಕೊಡುತ್ತದೆ, ಅದರ ಅರ್ಥವನ್ನು ನಾವೇ ಕೇಳಿ ತಿಳಿಯಬೇಕು. ಬಯೋ ಅವರಂತೆ, "ನನ್ನೆದುರು ಮಾಡಿ ತೋರಿಸಿ" ಎನ್ನಲು ಸಂಕೋಚ ಬೇಡ.